ರೈಟ್ ಅಂದರೆ ಬಲಕ್ಕಲ್ಲ

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ನಮ್ಮ ಭಾನುವಾರದ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಬಂದಾಗ, ಹತ್ತು ನಿಮಿಷದೊಳಗೆ ಕೈ ಮುಗಿದ ಚಿತ್ರಗಳ ಸಾಲು ಬಿತ್ತು. ಒಬ್ಬರು 'ನಿಸರ್ಗಪ್ರೇಮಿ' ಎಂದರು. ಇನ್ನೊಬ್ಬರು 'ಗುಡ್ಡಗಳ ಗೆಳೆಯ' ಎಂದರು. ಕಟಕೋಳದ ಕಡೆ ಗುಡ್ಡದ ಬುಡದಲ್ಲಿ ಡೇರೆ ಹಾಕಿಕೊಂಡಿರುವ ನಿಸರ್ಗ ಶಿಬಿರದ ವ್ಯವಸ್ಥಾಪಕರು 'ತುಂಬಲಾರದ ನಷ್ಟ' ಎಂದು ಬರೆದು, ಕೆಳಗೆ ಶಿಬಿರದ ಫೋನ್ ನಂಬರನ್ನೂ ಹಾಕಿದರು. ಎರಡು ವರ್ಷ ಅವರನ್ನು ಗೇಟಿನೊಳಗೆ ಕಾಲಿಡಲು ಬಿಡದ ಮಹಾಶಯರು ಇವರೇ. ನಾನು ಫೋನನ್ನು ದಿಂಬಿನ ಕೆಳಗೆ ತುರುಕಿ ಅಡುಗೆಮನೆಗೆ ಹೋದೆ. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಸರಕಾರಿ ಕಾಗದದಲ್ಲಿ ಬರೆದದ್ದಕ್ಕೆ ಆದದ್ದು ಸಾಕು. ಊರೆಲ್ಲ ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತೇನೆ. ಸವದತ್ತಿಯವರು. ಮೂವತ್ತು ವರ್ಷ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಇಷ್ಟೇ ಅವರ ಲೋಕ. ಆ ಲೋಕದ ಒಂದೊಂದು ಬೇವಿನ ಗಿಡದ ಕೆಳಗೆ ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ನಾನು ಬೈಲಹೊಂಗಲದಿಂದ ಹಳ್ಳಿಯ ಶಾಲೆಗೆ ಕನ್ನಡ ಕಲಿಸಲು ಓಡಾಡುತ್ತಿದ್ದ ಮೊದಲ ವರ್ಷಗಳಲ್ಲಿ ಅವರ ಬಸ್ಸೇ ನನ್ನ ಗಡಿಯಾರ. ನಾನು ತಡವಾಗಿ ಓಡುತ್ತ ಬಂದರೆ ಡ್ರೈವರನಿಗೆ, "ತಡೀಪಾ, ಅಕ್ಕೋರು ಬರಾಕ ಹತ್ಯಾರ. ಸಾಲಿ ಅವರಿಲ್ಲದ ಹೆಂಗ ಸುರು ಆಗತೈತಿ?" ಎಂದು ಬಸ್ಸಿನ ತಗಡನ್ನು ಎರಡು ಸಲ ಬಡಿಯುತ್ತಿದ್ದರು. ಟೀಚರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ.

ನಿವೃತ್ತರಾದ ಮೇಲೆ ಮನೆಯಲ್ಲಿ ಕೂಡುವುದು ಅವರಿಂದ ಆಗಲಿಲ್ಲ. ಒಂದು ಭಾನುವಾರ ಓಣಿಯ ಇಬ್ಬರನ್ನು ಕರೆದುಕೊಂಡು ನವಿಲುತೀರ್ಥದ ಗುಡ್ಡ ಹತ್ತಿದರು. ಮುಂದಿನ ವಾರ ಐದು ಜನ. ವರ್ಷ ತುಂಬುವುದರೊಳಗೆ ಬ್ಯಾಂಕಿನವರು, ಔಷಧಿ ಅಂಗಡಿಯವರು, ಅರಿವೆ ಅಂಗಡಿಯ ಶೆಟ್ಟರು, ನಮ್ಮಂಥ ನಾಲ್ಕಾರು ಮಂದಿ ಅಕ್ಕೋರು, ಎಲ್ಲ ಸೇರಿ ಒಂದು ಬಳಗವಾಯಿತು. ಡಾಕ್ಟರು ಹೇಳಿದ್ದಕ್ಕೆ ಬಂದವರೇ ಹೆಚ್ಚು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಯ ಬಸ್ಸಿಗೆ ಮನೆ. ಒಮ್ಮೆ ಕಿತ್ತೂರಿನಿಂದ ದೇಗಾಂವದ ಗುಡಿಯ ತನಕ ಹೊಲದ ಬದುವಿನ ಮೇಲೆ, ಇನ್ನೊಮ್ಮೆ ರಾಮದುರ್ಗದ ಕೆಂಪು ಬಂಡೆಗಳ ನಡುವೆ. ವರ್ಷಕ್ಕೆ ಒಂದೆರಡು ಸಲ ರಾತ್ರಿ ಗುಡ್ಡದಲ್ಲೇ ವಸ್ತಿ.

ನಡಿಗೆಯನ್ನು ಅವರು ಬಸ್ಸಿನಂತೆಯೇ ನಡೆಸುತ್ತಿದ್ದರು. ಮುಂದೆ ಯಾರಾದರೂ ಕಾಲು ಗಟ್ಟಿಯಿದ್ದವರು, ಅವರು ಡ್ರೈವರ್. ತಾವು ಕಟ್ಟಕಡೆಗೆ. ಇಷ್ಟೆಲ್ಲ ದಾರಿ ಗೊತ್ತಿದ್ದವರು ಮುಂದೆ ನಡೆಯಬಾರದೇ ಎಂದು ನಾನು ಒಮ್ಮೆ ಕೇಳಿದ್ದೆ.

"ಡ್ರೈವರ್ ಮುಂದ ನೋಡ್ತಾನ್ರಿ ಅಕ್ಕೋರ, ಕಂಡಕ್ಟರ್ ಹಿಂದ ನೋಡ್ತಾನ. ಹಾದಿ ತಪ್ಪಿದ್ರ ಹಿಂದ ತಿರಗಬಹುದು. ಮಂದಿ ತಪ್ಪಿದ್ರ ಎಲ್ಲಿ ಹುಡಕೂದು?" ಎಂದರು.

ದಣಿದು ಕುಂತವರನ್ನು ಅವರು ಎಂದೂ ಅವಸರ ಮಾಡಿದ್ದಿಲ್ಲ. ಹೊಟ್ಟೆ ಬಂದ ಶೆಟ್ಟರು ಹತ್ತು ಹೆಜ್ಜೆಗೊಮ್ಮೆ ಬಂಡೆ ಹುಡುಕುವವರು. ಚಾಚಾ ಅವರ ಪಕ್ಕದಲ್ಲೇ ಕುಂತು ಹೊಲದ ಸುದ್ದಿ ತೆಗೆಯುತ್ತಿದ್ದರು. ಶೆಟ್ಟರಿಗೆ ತಾವು ದಣಿದದ್ದಲ್ಲ, ಚಾಚಾಗೆ ಮಾತಾಡುವ ಆಸೆಯಾಗಿದೆ ಎಂದೇ ಅನ್ನಿಸಬೇಕು, ಹಾಗೆ. ಯಾರಾದರೂ ನೀರಿನ ಬಾಟಲಿ ಮರೆತರೆ, "ಸಾಮಾನಿಗೆ ಪ್ರಯಾಣಿಕರೇ ಜವಾಬ್ದಾರರು" ಎಂದು ಬಸ್ಸಿನ ಬೋರ್ಡು ಓದಿದಂತೆ ಹೇಳಿ, ತಾವೇ ಹಿಂದೆ ಹೋಗಿ ತರುತ್ತಿದ್ದರು.

ಮತ್ತೆ ಆ ಎರಡು ಶಬ್ದ. ನಿಲ್ಲಬೇಕಾದರೆ "ಹೋಲ್ಡಾನ್". ಹೊರಡಬೇಕಾದರೆ "ರೈಟ್". ಬಸ್ಸಿನಲ್ಲಿ ಓಡಾಡುವ ಯಾರಿಗೂ ಇವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೇಳಬೇಕಾದಾಗ ಹೇಳಲಿಲ್ಲ. ರೈಟ್ ಅಂದರೆ ಎಲ್ಲರೂ ಹತ್ತಿದರು, ಹಿಂದೆ ಯಾರೂ ಉಳಿದಿಲ್ಲ, ಇನ್ನು ಬಿಡು. ಎಡಕ್ಕೂ ಬಲಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಗುಡ್ಡದ ಮೇಲೆ ಕೊನೆಯ ಮನುಷ್ಯ ಬಂದು ಕೂಡಿಕೊಂಡ ಕೂಡಲೇ ಚಾಚಾ ತಲೆ ಎಣಿಸಿ, ಪಕ್ಕದ ಬಂಡೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, "ರೈಟ್" ಎಂದು ಎಳೆದು ಕೂಗುತ್ತಿದ್ದರು. ಬಂಡೆಗೇನು ಕೇಳಿಸುತ್ತದೆ ಎಂದು ನಗುತ್ತಿದ್ದೆವು. ನಗುತ್ತಲೇ ಹೆಜ್ಜೆ ಕಿತ್ತಿಡುತ್ತಿದ್ದೆವು.

ನವಿಲುತೀರ್ಥದಲ್ಲಿ ಹೊಳೆಗೆ ಗುಡ್ಡ ಅಡ್ಡ ಬಂದಾಗ ಗುಡ್ಡದ ಮೇಲಿನ ನವಿಲು ಕೂಗಿತಂತೆ, ಗುಡ್ಡ ಸೀಳಿ ಮಲಪ್ರಭೆ ಹಾದಿ ಮಾಡಿಕೊಂಡಳಂತೆ. ಆ ಕಥೆಯನ್ನು ಚಾಚಾ ಪ್ರತಿ ಸಲ ಹೇಳುವವರು, ಆದರೆ ಅವರ ಕಥೆಯಲ್ಲಿ ನವಿಲು ಕೂಗಿದ್ದು "ರೈಟ್" ಎಂದೇ. "ಮತ್ತೇನಂದೀತ್ರೀ? ಹೊಳಿ ನಿಂತ ಬಿಟ್ಟಿತ್ತು," ಎನ್ನುತ್ತಿದ್ದರು, ಮುಖ ಗಂಭೀರವಾಗಿಟ್ಟುಕೊಂಡು.

ವಸ್ತಿಗೆ ಹೋದಾಗ ಅವರದು ಒಂದು ಹಳೆಯ ತಾಡಪಾಲು, ನಾಲ್ಕು ಬಿದಿರು, ಒಂದು ಸಿಂಬಿ ಹಗ್ಗ. ಬ್ಯಾಂಕಿನವರು ಆನ್‌ಲೈನ್‌ನಲ್ಲಿ ತರಿಸಿದ ಹಳದಿ ಡೇರೆಯೊಂದನ್ನು ನವಿಲುತೀರ್ಥದ ಡ್ಯಾಮಿನ ಕಡೆ ಬಾಗಿಲು ಮಾಡಿ ನಿಲ್ಲಿಸಿದ್ದರು, ನೀರು ಕಾಣುತ್ತದೆ ಎಂದು. ಚಾಚಾ ಅದರ ಸುತ್ತ ಒಂದು ಸುತ್ತು ಬಂದು, "ಚಂದ ಅದ ಬಿಡ್ರಿ. ಆದ್ರ ಗಾಳಿಗೂ ನೀವು ಬಾಗಿಲಾ ತಗದಂಗಾತು," ಎಂದರು. ಯಾರು ಕೇಳುತ್ತಾರೆ? ಸಂಜೆ ಐದಕ್ಕೆ ಗಾಳಿ ಎದ್ದಾಗ ಡೇರೆ ಪುಗ್ಗೆಯಂತೆ ಉಬ್ಬಿ ಜಾಲಿಕಂಟಿಗೆ ಹೋಗಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ ತಂದವರು ಅವರೇ. ನಾನು ಹೇಳಿದ್ದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಇಂಥ ಒಳ್ಳೆಯತನ ನನಗೆ ಆಗಲೂ ಸಿಟ್ಟು ತರಿಸುತ್ತಿತ್ತು. ಒಮ್ಮೆಯಾದರೂ ಹೇಳಬೇಕು ಮನುಷ್ಯ, 'ನಾನು ಹೇಳಿದ್ದೆ' ಎಂದು.

ಆಮೇಲೆ ಶಿಬಿರ ಬಂತು. ಕಟಕೋಳದ ಗುಡ್ಡದ ಬುಡಕ್ಕೆ ತಂತಿ ಬೇಲಿ, ಕಮಾನು, ಸಾಲಾಗಿ ಹಸಿರು ಡೇರೆ, ಪ್ಲಾಸ್ಟಿಕ್ ಹುಲ್ಲು. ಗುಡ್ಡದ ತುಂಬ ಖರೇ ಹುಲ್ಲಿರುವಾಗ ಪ್ಲಾಸ್ಟಿಕ್ ಹುಲ್ಲು ಯಾಕೆ ಎಂದು ಕೇಳುವವರಿಲ್ಲ. ದಾರಿ ತೋರಿಸಲು ಹೊರಗಿನಿಂದ ತರಬೇತಿಯಾದ ಗೈಡ್ ಬಂದರು. ಟೊಪ್ಪಿಗೆ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ನಕಾಶೆ ತೋರಿಸುವ ಫೋನು. ಆ ಗುಡ್ಡದ ಒಂದೊಂದು ಕಲ್ಲನ್ನು ಬಲ್ಲ ಚಾಚಾಗೆ ಚೀಟಿಯಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ನಮ್ಮವರು ಯಾವಾಗಲೂ ಹೀಗೇ ಪಾಲಿಸಿಕೊಂಡು ಬಂದಿದ್ದಾರೆ.

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಅಲ್ಲಿಗೆ ಒಂದು ದಿನದ ನಡಿಗೆಗೆ ಕರೆದೊಯ್ದೆವು. ಚಾಚಾ ಬಂದರೆ ಮಾತ್ರ ನಾನು ಬರುತ್ತೇನೆ ಎಂದು ಹಟ ಹಿಡಿದವಳು ನಾನೇ. ವ್ಯವಸ್ಥಾಪಕರು ಮುಖ ಸಿಂಡರಿಸಿ, "ಹಿಂದೆ ನಡೆದುಕೊಂಡು ಬರಲಿ," ಎಂದರು. ಅವರು ಹಿಂದೆಯೇ ನಡೆಯುವವರು ಎಂದು ಆ ಮನುಷ್ಯನಿಗೆ ಏನು ಗೊತ್ತು?

ಇಳಿಯುವಾಗ ಒಂದು ದೊಡ್ಡ ಬಂಡೆಯ ಹತ್ತಿರ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಅರ್ಧ ತಾಸಿನಲ್ಲಿ ಶಿಬಿರ. ಬಲಕ್ಕೆ ಹೋದರೆ ಒಣಗಿದ ಹಳ್ಳ, ಬರೀ ಉರುಳುಗಲ್ಲು. ಮುಂದಿದ್ದ ಗೈಡ್ ಅಲ್ಲಿ ನಿಂತರು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. "ಲೆಫ್ಟಾ, ರೈಟಾ?" ಎಂದು ತಮಗೆ ತಾವೇ ಎರಡು ಸಲ ಅಂದುಕೊಂಡರಂತೆ. ಮುಂದಿದ್ದ ಹುಡುಗಿಯರು ಕೇಳಿಸಿಕೊಂಡಿದ್ದರು. ಸಾಲಿನ ಮಧ್ಯ ಇದ್ದ ನನಗೂ ಅದು ಕೇಳಿಸಲಿಲ್ಲ, ಇನ್ನು ಬಂಡೆಯ ಆ ಬದಿಗಿದ್ದ ಚಾಚಾಗೆ ಎಲ್ಲಿಂದ ಕೇಳಿಸಬೇಕು? ಅವರು ಚಪ್ಪಲಿಯ ಉಂಗುಷ್ಠದ ಬಾರು ಕಿತ್ತುಹೋದ ಹುಡುಗಿಯೊಬ್ಬಳಿಗೆ ದಾರದಿಂದ ಅದನ್ನು ಕಟ್ಟಿಕೊಡುತ್ತ ಕುಂತಿದ್ದರು. ಕಟ್ಟಿ ಮುಗಿಯಿತು, ಅವಳು ಎದ್ದಳು, ಹಿಂದೆ ಉಳಿದಿದ್ದವಳು ಅವಳೊಬ್ಬಳೇ, ತಲೆ ಎಣಿಕೆ ಸರಿಹೋಯಿತು. ಯಾವಾಗಿನಂತೆ ಕೂಗಿದರು.

"ರೈಟ್."

ಗೈಡ್ ಬಲಕ್ಕೆ ತಿರುಗಿದರು.

ಕಟ್ಟಕಡೆಗೆ ಬಂಡೆ ಸುತ್ತಿ ಬಂದ ಚಾಚಾಗೆ ಹುಡುಗಿಯರ ತಲೆಗಳು ಕೆಳಗೆ ಹಳ್ಳದಲ್ಲಿ ಕಂಡವು. "ಹೋಲ್ಡಾನ್" ಎಂದು ಕೂಗಿಯೇ ಕೂಗಿದರು. ಗಾಳಿ ಎದುರಿಗಿತ್ತು. ಅವರು ಓಡಿ ಮುಂದೆ ಬರುವಂತೆಯೂ ಇರಲಿಲ್ಲ, ದಾರ ಕಟ್ಟಿದ ಚಪ್ಪಲಿಯ ಹುಡುಗಿ ಅವರ ಕೈ ಬಿಡುತ್ತಿರಲಿಲ್ಲ. ಅವರು ನಮ್ಮನ್ನು ಮುಟ್ಟುವ ಹೊತ್ತಿಗೆ ಒಂದು ತಾಸಿನ ಮೇಲಾಗಿತ್ತು, ನೀರು ಮುಗಿದಿತ್ತು, ಇನ್ನೊಬ್ಬ ಹುಡುಗಿ ಉರುಳುಗಲ್ಲಿನ ಮೇಲೆ ಜಾರಿ ಮುಂಗೈ ಮುರಿದುಕೊಂಡಿದ್ದಳು. ಗೈಡ್ ಒಂದು ಕಲ್ಲಿನ ಮೇಲೆ ಕುಂತು ಫೋನನ್ನು ಆಕಾಶಕ್ಕೆ ಹಿಡಿದಿದ್ದರು. ಚಾಚಾ ನೇರ ಆ ಹುಡುಗಿಯ ಪಕ್ಕ ಹೋಗಿ ಕುಂತರು. ಬಿದಿರಿನ ಸೀಳು ಇಟ್ಟು, ತಮ್ಮ ಹೆಗಲ ವಸ್ತ್ರ ಹರಿದು ಅವಳ ಕೈ ಕಟ್ಟಿದರು. ಹಳ್ಳದ ದಂಡೆಯಲ್ಲಿ ಕುರಿಯವರ ಒಂದು ಕಾಲುದಾರಿ ಅವರಿಗೆ ಗೊತ್ತಿತ್ತು. ಬಿಸಿಲು ಇಳಿಯುವ ಮೊದಲೇ ಎಲ್ಲರನ್ನೂ ಗೇಟಿಗೆ ಮುಟ್ಟಿಸಿದರು. ಅಲ್ಲಿ ಮತ್ತೊಮ್ಮೆ ತಲೆ ಎಣಿಸಿದ ಮೇಲೆಯೇ ತಾವು ನೀರು ಕುಡಿದದ್ದು.

ವಿಚಾರಣೆ ನಡೆಯಿತು. ಶಿಬಿರದ ಕಚೇರಿ, ಪ್ಲಾಸ್ಟಿಕ್ ಕುರ್ಚಿ, ಇಲಾಖೆಯಿಂದ ಬಂದ ಒಬ್ಬ ಸಾಹೇಬರು, ಒಬ್ಬ ಬರೆದುಕೊಳ್ಳುವ ಗುಮಾಸ್ತ. ಕಿಟಕಿಯ ಆಚೆ ಕೈ ಮುರಿದ ಹುಡುಗಿಯ ತಂದೆ ತಾಯಿ. ಗೈಡ್ ಹೇಳಿದರು, ಹಿಂದಿನಿಂದ ರೈಟ್ ಎಂದು ಹೇಳಿದ್ದಕ್ಕೆ ತಿರುಗಿದೆ ಎಂದು. ಸಾಹೇಬರು ಚಾಚಾ ಕಡೆ ತಿರುಗಿದರು.

"ನೀವು ರೈಟ್ ಅಂದಿದ್ದು ಹೌದೋ?"

"ಹೌದ್ರಿ ಸಾಹೇಬ್ರ. ಮೂವತ್ತ ವರ್ಷ ಅದನ್ನ ಅಂದೇನಿ. ಅಂದ್ರ ಅದರ ಅರ್ಥ..."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಅಂದಿರೋ ಇಲ್ಲೋ?"

"ಅಂದೇನ್ರಿ."

ಅಲ್ಲಿಗೆ ಮುಗಿಯಿತು. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ಚಾಚಾ ನನ್ನ ಕಡೆ ನೋಡಿದರು. ಬೇಡಿಕೊಳ್ಳುವ ನೋಟವಲ್ಲ ಅದು. ಬಸ್ಸಿನಲ್ಲಿ ಚಿಲ್ಲರೆ ಸಾಲದೆ ಹೋದಾಗ ಗುರುತಿನವರ ಕಡೆ ನೋಡುತ್ತಾರಲ್ಲ, ನೀವು ಇದ್ದೀರಲ್ಲ ಎಂದು, ಹಾಗೆ.

ಗುಮಾಸ್ತ ವರದಿ ಬರೆದ. ಸರಕಾರಿ ಕಾಗದ ಅಚ್ಚ ಕನ್ನಡದಲ್ಲಿರಬೇಕಲ್ಲ. ಮೇಲೆ ಚಾಚಾ ಅವರ ಪೂರ್ತಿ ಹೆಸರು ಬರೆದು, ರೈಟ್ ಎಂಬುದನ್ನು ಆತ ಅನುವಾದ ಮಾಡಿದ. 'ಸ್ಥಳೀಯ ಸಹಾಯಕನು ಬಲಕ್ಕೆ ಎಂದು ಕೂಗಿ ಸೂಚಿಸಿದ್ದರಿಂದ ತಂಡವು ದಾರಿ ತಪ್ಪಿರುತ್ತದೆ.' ಚಾಚಾ ತಮ್ಮ ಜನ್ಮದಲ್ಲಿ ಆಡದ ಶಬ್ದ ಅವರ ಬಾಯಿಗೆ ಬಂದು ಕುಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಇಲ್ಲಿ ಬರೆಯನ್ನು ಶುದ್ಧ ಕನ್ನಡದಲ್ಲಿ ಎಳೆದರು.

ಸಾಕ್ಷಿ ಎಂದು ಕಾಗದ ನನ್ನ ಮುಂದೆ ಬಂತು. ಮುಖ್ಯಾಧ್ಯಾಪಕರು ನನ್ನ ಕಿವಿಯ ಹತ್ತಿರ ಬಾಗಿ, "ಸಾಲಿ ಹೆಸರು ಬರಬಾರದ್ರಿ ಮೇಡಂ. ನೀವು ಸಾಲಿನ ನಡುವ ಇದ್ರಿ, ನೀವ್ಯಾಕ ತಡೀಲಿಲ್ಲ ಅಂತ ಕೇಳತಾರ. ಸುಮ್ಮ ಸಹಿ ಮಾಡ್ರಿ," ಎಂದರು. ನನಗೆ ಹೆದರಿಕೆಯಾಯಿತು. ನಿಜ ಹೇಳಬೇಕೆಂದರೆ, ಬಹಳ ಹೆದರಿಕೆಯಾಯಿತು. ನೌಕರಿ, ಪೇಪರಿನಲ್ಲಿ ಹೆಸರು, ಕಿಟಕಿಯ ಆಚೆಯ ತಾಯಿಯ ಮುಖ, ಎಲ್ಲ ಒಟ್ಟಿಗೆ ಬಂದವು.

ನಾನು ಏನು ಮಾಡಿದೆ ಗೊತ್ತೇ? ಗುಮಾಸ್ತ 'ಸೂಚಿಸಿದ್ದರಿಂದ' ಎಂಬುದರ ಒತ್ತು ಬಿಟ್ಟಿದ್ದ. ಪೆನ್ನು ಕೈಗೆ ಬಂದದ್ದೇ ತಡ, ಅಭ್ಯಾಸಬಲ ನೋಡಿ, ಆ ಒತ್ತನ್ನು ಹಾಕಿದೆ. ತಿದ್ದಿ, ಕೆಳಗೆ ಸಹಿ ಮಾಡಿದೆ. ಶಬ್ದಗಳ ಅರ್ಥ ಹೇಳಿ ಹೊಟ್ಟೆ ಹೊರೆಯುವವಳು ನಾನು. ಪ್ರತಿ ಪರೀಕ್ಷೆಯಲ್ಲಿ 'ಈ ಮಾತನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರು' ಎಂದು ಮಕ್ಕಳನ್ನು ಕೇಳುವವಳು. ಒಂದು ಮಾತಿನ ಸಂದರ್ಭ ಹೇಳಬೇಕಾದ ಒಂದೇ ಒಂದು ಸಲ ಬಂದಾಗ ಒತ್ತಕ್ಷರ ತಿದ್ದಿ ಎದ್ದು ಬಂದೆ.

ಮರುವಾರ ಗೇಟಿನ ಮೇಲೆ ಬೋರ್ಡು ಬಂತು, ಅನಧಿಕೃತ ಮಾರ್ಗದರ್ಶಕರಿಗೆ ಪ್ರವೇಶವಿಲ್ಲ ಎಂದು. ಆ ಗುಡ್ಡಕ್ಕೆ ಇದ್ದ ದಾರಿ ಆ ಗೇಟೊಂದೇ. ಆದರೆ ಬೋರ್ಡಿಗಿಂತ ಮಾತು ಬೇಗ ನಡೆಯುತ್ತದೆ. ಚಾಚಾ ಹುಡುಗಿಯರನ್ನು ಹಳ್ಳಕ್ಕೆ ಇಳಿಸಿದರಂತೆ, ವಯಸ್ಸಾಯಿತು, ಬುದ್ಧಿ ಮಂಕಾಗಿದೆ. ಇದನ್ನು ಹೇಳಿದವರು ಬೇರೆ ಯಾರೋ ಅಲ್ಲ, ನಮ್ಮ ಬಳಗದವರೇ. ಯಾರ ಡೇರೆಯನ್ನು ಜಾಲಿಕಂಟಿಯಿಂದ ಬಿಡಿಸಿ ತಂದಿದ್ದರೋ ಅವರೇ ಮೊದಲು ಚಾಚಾ ಕೈ ಬಿಟ್ಟರು. ಸವದತ್ತಿಯ ಚಹಾದಂಗಡಿಯಲ್ಲಿ ಕುಂತವರು ಅವರು ಓಣಿಯ ತಿರುವಿಗೆ ಬಂದಾಗಲೆಲ್ಲ, "ಚಾಚಾ, ಲೆಫ್ಟೋ ರೈಟೋ?" ಎಂದು ಕೇಳಿ ನಗುತ್ತಿದ್ದರು. ದಿನಾ ಅದೇ ಶಬ್ದ ಕೇಳಿ ಬಸ್ಸು ಹತ್ತಿ ಇಳಿಯುವ ಮಂದಿ ಇವರು. ಇವರ ಅಪ್ಪಂದಿರನ್ನೂ ಇವರನ್ನೂ ಚಾಚಾ ಅದೇ ಶಬ್ದ ಹೇಳಿ ಊರಿಗೆ ಮುಟ್ಟಿಸಿದ್ದರು. ಒಬ್ಬನಿಗಾದರೂ ತಲೆಗೆ ಹೊಳೆಯಬೇಡವೇ? ಹೊಳೆದಿರುತ್ತದೆ. ಆದರೆ ನಗುವಿನ ರುಚಿ ಬಿಡುವವರಾರು?

ಅವರು ಭಾನುವಾರದ ನಡಿಗೆ ನಿಲ್ಲಿಸಿದರು. ಮೂವತ್ತು ವರ್ಷ ಮತ್ತು ಮೇಲೆ ಒಂದಿಷ್ಟು ವರ್ಷ, ಒಬ್ಬರನ್ನೂ ಹಿಂದೆ ಬಿಟ್ಟು ಬಂದವರಲ್ಲ ಎಂಬುದೊಂದೇ ಆ ಮನುಷ್ಯನ ಆಸ್ತಿ. ಅದನ್ನು ನಾವು ಒಂದು ಹಾಳೆಯಲ್ಲಿ ತೆಗೆದುಕೊಂಡೆವು.

ಹೋದ ವರ್ಷ ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ನಾನು ಹತ್ತಿದ ಸವದತ್ತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಚಾಚಾ ಕುಂತಿದ್ದರು. ಇಳಿದುಬಿಡೋಣ ಅನ್ನಿಸಿತು, ಅಷ್ಟರಲ್ಲಿ ನೋಡಿಬಿಟ್ಟರು. "ಬರ್ರಿ ಅಕ್ಕೋರ, ಜಾಗಾ ಅದ, ಕುಂದರ್ರಿ," ಎಂದು ಸರಿದರು. ಬಹಳ ಸೊರಗಿದ್ದರು. ನಾನು ಹೇಗೋ ಬಾಯಿ ತೆಗೆದು, "ಚಾಚಾ, ಅವತ್ತ ನಾ..." ಎಂದೆ. ಅವರು ತಡೆದು, "ನಿಮ್ಮ ಸಾಲಿಗೆ ಹೊಸಾ ಖೋಲಿ ಕಟ್ಟಸಾಕ ಹತ್ಯಾರಂತಲ್ಲ, ಮುಗೀತೇನ್ರಿ?" ಎಂದು ಕೇಳಿದರು. ಅಷ್ಟರಲ್ಲಿ ಕಂಡಕ್ಟರ್ ಬಾಗಿಲು ಹಾಕಿ "ರೈಟ್" ಎಂದ. ಬಸ್ಸು ಸ್ಟ್ಯಾಂಡಿನಿಂದ ಎಡಕ್ಕೆ ತಿರುಗಿ ಹೊರಬಿತ್ತು. ಯಾರೂ ವಿಚಾರಣೆ ನಡೆಸಲಿಲ್ಲ. ಚಾಚಾ ಕಿಟಕಿಯ ಆಚೆ ನೋಡುತ್ತಿದ್ದರು, ನಾನು ನನ್ನ ಚೀಲದ ಜಿಪ್ಪು ನೋಡುತ್ತಿದ್ದೆ. ಸವದತ್ತಿಯ ತನಕ ಶಾಲೆಯ ಹೊಸ ಕೋಣೆಯ ಮಾತನ್ನೇ ಆಡಿದೆವು. ಒಂದು ಸಲ ಬೈದುಬಿಟ್ಟಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. ಅವರ ಮೇಲಿನ ನನ್ನ ಸಿಟ್ಟು ಇದೇ, ಇವತ್ತಿಗೂ.

ತೀರಿಕೊಂಡ ಎರಡು ವಾರಕ್ಕೆ ಅವರ ಮನೆಗೆ ಹೋದೆ. ಚಾಚಿ ಇದ್ದತ್ತಿನಲ್ಲಿದ್ದರು, ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ನಾನು ಹೆಂಗಸಾದ್ದರಿಂದ ಒಳಗೆ ಕರೆದರು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವರು ಮೊರ ಸರಿಸಿ, ಸೊಸೆಗೆ ಚಹಾ ಮಾಡಲು ಹೇಳಿದರು. ನಾನು ಏನಾದರೂ ಹೇಳುವ ಮೊದಲೇ ಕೇಳಿದರು.

"ಆ ಹುಡಗಿ ಕೈ ನೆಟ್ಟಗಾತೇನ್ರಿ? ನಿಮಗ ಕೇಳಬೇಕಂತಿದ್ರು. ಆಸ್ಪತ್ರ್ಯಾಗೂ ಅದನ್ನ ಕೇಳತಿದ್ರು."

ನೆಟ್ಟಗಾಗಿದೆ, ಕಾಲೇಜಿಗೆ ಹೋಗುತ್ತಾಳೆ, ಅದೇ ಕೈಯಲ್ಲಿ ಬರೆಯುತ್ತಾಳೆ ಎಂದೆ. ಹೇಳುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ. ಎರಡು ವರ್ಷ ಒಳಗಿಟ್ಟುಕೊಂಡದ್ದೆಲ್ಲ ಬಂತು. ಸಾಹೇಬರು, ಗುಮಾಸ್ತ, ಬಲಕ್ಕೆ ಎಂಬ ಶಬ್ದ, ನಾನು ಹಾಕಿದ ಒತ್ತು, ನನ್ನ ಸಹಿ. ಅವರು ದಾರಿ ಹೇಳಿದ್ದೇ ಅಲ್ಲ ಚಾಚಿ, ಎಲ್ಲರೂ ಬಂದರು ಹೊರಡಿ ಎಂದು ಹೇಳಿದ್ದು, ಅವರದೇನೂ ತಪ್ಪಿರಲಿಲ್ಲ, ನನಗೆ ಗೊತ್ತಿತ್ತು, ಎಂದು ಅತ್ತೆ.

ಚಾಚಿ ನಾನು ಮುಗಿಸುವ ತನಕ ಕಾದರು. ಸೊಸೆ ತಂದ ಚಹಾದ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನನಗ್ಯಾಕ ಹೇಳತೀರಿ ಅಕ್ಕೋರ? ನಾ ಕಂಡಕ್ಟರನ ಹೇಂತಿ. ರೈಟ್ ಅಂದ್ರ ಏನಂತ ನನಗ ಗೊತ್ತಿಲ್ಲೇನು? ಗೊತ್ತಿಲ್ಲದಾವರು ಅಲ್ಲಿ ಕುಂತಿದ್ರು. ಅವರ ಮುಂದ ಹೇಳಬೇಕಿತ್ತು."